ಹಿರೊಸಾಕಿಯ ಚೆರ್ರಿ ಮರಗಳು ಮತ್ತು ಸೇಬು ತೋಟದವರ ಕತ್ತರಿ

(ಗಿಡಮರಗಳ ಬಗ್ಗೆ ಆಸಕ್ತಿ ಇರುವ ಗೆಳೆಯರ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಜಪಾನಿನ ಚೆರ್ರಿ ಹೂವಿನ ಫೋಟೊ ನೋಡದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಮಾರ್ಚ್ ಬಂತೆಂದರೆ ಮೊಬೈಲ್ ತುಂಬ ಅದೇ. ಫೋಟೊದ ಜತೆಗೆ ಬರುವ ಮಾತೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ಹೂವು ವಾರದೊಳಗೆ ಉದುರಿ ಹೋಗುತ್ತದೆ, ಬದುಕೂ ಹಾಗೇ ಅಂತ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ನನಗೆ ಉಳಿದ 51 ವಾರಗಳ ಬಗ್ಗೆ ಮಾತಾಡಬೇಕು ಅನಿಸುತ್ತದೆ. ಆ ಒಂದು ವಾರ ಹಾಗೆ ಅರಳಬೇಕಾದರೆ ಮಿಕ್ಕ ದಿನಗಳಲ್ಲಿ ಯಾರೋ ಏಣಿ ಹತ್ತಬೇಕು, ರೆಂಬೆ ಕೊಯ್ಯಬೇಕು, ಬುಡಕ್ಕೆ ಗೊಬ್ಬರ ಹಾಕಬೇಕು. ಅವರ ಹೆಸರು ಫೋಟೊದ ಕೆಳಗೆ ಇರುವುದಿಲ್ಲ. ಇವತ್ತಿನ ಮಾತು ಅವರಿಗಾಗಿ.

ಊರಿನ ಹೆಸರು ಹಿರೊಸಾಕಿ. ಜಪಾನಿನ ಮುಖ್ಯ ದ್ವೀಪವಾದ ಹೊನ್ಶುವಿನ ಉತ್ತರದ ತುದಿಯಲ್ಲಿ ಅವೊಮೊರಿ ಎಂಬ ಪ್ರಾಂತ್ಯವಿದೆ. ಅಲ್ಲಿನ ಹಳೆಯ ಕೋಟೆಯ ಊರು ಇದು. ಚಳಿಗಾಲವಿಡೀ ಹಿಮ ಸುರಿಯುತ್ತದೆ. ಪಶ್ಚಿಮಕ್ಕೆ ತಿರುಗಿದರೆ 1,625 ಮೀಟರ್ ಎತ್ತರದ ಇವಾಕಿ ಬೆಟ್ಟ ಒಂಟಿಯಾಗಿ ನಿಂತಿದೆ. ಊರಿನ ನಡುವೆ ಕೋಟೆ, ಕೋಟೆಗೆ ಸುತ್ತುಸುತ್ತಾಗಿ ಕಂದಕಗಳು. ಇವೆಲ್ಲ ಸೇರಿ ಸುಮಾರು 49 ಹೆಕ್ಟೇರಿನ ಉದ್ಯಾನ. ನಮ್ಮ ಲೆಕ್ಕದಲ್ಲಿ 120 ಎಕರೆ. ಅದರೊಳಗೆ ಸುಮಾರು 2,600 ಚೆರ್ರಿ ಮರಗಳಿವೆ, ತಳಿಗಳೇ ಐವತ್ತರಷ್ಟು. ಟೋಕಿಯೊದಲ್ಲಿ ಹೂವೆಲ್ಲ ಉದುರಿ ಎಲೆ ಬಂದ ಮೇಲೆ, ಏಪ್ರಿಲ್ ಕೊನೆಯ ಹೊತ್ತಿಗೆ ಇಲ್ಲಿ ಹೂವಿನ ಹಬ್ಬ. 20 ಲಕ್ಷಕ್ಕೂ ಹೆಚ್ಚು ಜನ ಬಂದ ವರ್ಷಗಳಿವೆ.

ಕೋಟೆಯ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಈ ಸೀಮೆಯನ್ನು ಆಳುತ್ತಿದ್ದವರು ತ್ಸುಗಾರು ಮನೆತನದವರು. ಎರಡನೆಯ ದೊರೆ ನೊಬುಹಿರಾನ ಕಾಲದಲ್ಲಿ, 1611ರಲ್ಲಿ ಕೋಟೆ ಮುಗಿಯಿತು. ಐದು ಅಂತಸ್ತಿನ ಗೋಪುರ ಕಟ್ಟಿದ್ದರು. 1627ರಲ್ಲಿ ಅದಕ್ಕೆ ಸಿಡಿಲು ಬಡಿದು ಸುಟ್ಟುಹೋಯಿತು. ಆಮೇಲೆ ಸುಮಾರು ಇನ್ನೂರು ವರ್ಷ ಗೋಪುರವೇ ಇರಲಿಲ್ಲ. ಈಗ ಫೋಟೊಗಳಲ್ಲಿ ಹೂವಿನ ನಡುವೆ ಕಾಣುವ ಮೂರಂತಸ್ತಿನ ಬಿಳಿ ಗೋಪುರ 1810ರ ಹೊತ್ತಿನದು. ಜಪಾನಿನಲ್ಲಿ ಹಳೆಯ ಕಾಲದಿಂದ ಹಾಗೇ ಉಳಿದುಬಂದ ಕೋಟೆ ಗೋಪುರಗಳು ಬರೀ 12. ಅದರಲ್ಲಿ ಇದೂ ಒಂದು.

ಚೆರ್ರಿ ಮೊದಲು ಬಂದದ್ದು 1715ರಲ್ಲಿ. ದೊರೆಯ ಕಡೆಯ ಒಬ್ಬ ಸಮುರಾಯಿ ಕ್ಯೋಟೊದ ಅರಾಶಿಯಾಮಾದಿಂದ 25 ಸಸಿ ತಂದು ಕೋಟೆಯೊಳಗೆ ನೆಟ್ಟ. ಆಗ ಅವು ಕೋಟೆಯೊಳಗಿನವರ ಕಣ್ಣಿಗೆ ಮಾತ್ರ. ಊರಿನ ಜನಕ್ಕೆ ಅಲ್ಲಿ ಏನು ಕೆಲಸ, ಅಲ್ವಾ?

ನನಗೆ ಬಹಳ ಇಷ್ಟವಾದ ಭಾಗ ಇದರ ನಂತರದ್ದು. 1868ರಲ್ಲಿ ಶೋಗನ್ ಎಂಬ ಸೇನಾಧಿಪತಿಗಳ ಆಳ್ವಿಕೆ ಮುಗಿಯಿತು. ಕೆಲವೇ ವರ್ಷಗಳಲ್ಲಿ ಸಂಸ್ಥಾನಗಳು ಹೋದವು, ಸಮುರಾಯಿಗಳ ಸಂಬಳ ಹೋಯಿತು, ಕತ್ತಿ ಕಟ್ಟಿಕೊಳ್ಳುವ ಹಕ್ಕೂ ಹೋಯಿತು. ಕೋಟೆಯೊಳಗಿನ ಅರಮನೆಯನ್ನು ಕೆಡವಿದರು. ಅಂಗಳದಲ್ಲಿ ಹುಲ್ಲು ಬೆಳೆಯಿತು. ತಲೆಮಾರುಗಳಿಂದ ಈ ಕೋಟೆಯನ್ನೇ ಕಾದವರ ಮಕ್ಕಳು ಹೊಟ್ಟೆಪಾಡಿಗೆ ಏನು ಮಾಡುವುದು ಅಂತ ತಿಳಿಯದೆ ಕೂತಿದ್ದರು.

ಆ ಪಾಳು ನೋಡಲಾರದೆ ಉಚಿಯಾಮಾ ಕಾಕುಯಾ ಎಂಬ ಹಳೆಯ ಸಮುರಾಯಿ 1880ರಲ್ಲಿ ಕೋಟೆಯ ಹೊರ ಆವರಣದಲ್ಲಿ 20 ಚೆರ್ರಿ ಸಸಿ ನೆಟ್ಟರು. ಎರಡು ವರ್ಷದ ನಂತರ, 1882ರಲ್ಲಿ, ಕಿಕುಚಿ ತತೇ ಎಂಬ ಇನ್ನೊಬ್ಬರು ಒಮ್ಮೆಗೇ 1,000 ಸಸಿ ನೆಟ್ಟರು. ಅವರೂ ಸಮುರಾಯಿ ಮನೆತನದವರೇ.

ಊರು ಖುಷಿಪಟ್ಟಿರಬೇಕು ಅಂದುಕೊಂಡಿರಾ? ಇಲ್ಲ. ಹಳೆಯ ಸಮುರಾಯಿಗಳಲ್ಲಿ ಹಲವರು ಸಿಟ್ಟಾದರು. ಕೋಟೆಯನ್ನು ಮೋಜಿನ ಜಾಗ ಮಾಡುತ್ತೀರಾ, ಜನ ಇಲ್ಲಿ ಬಂದು ಕುಡಿದು ಕುಣಿಯಬೇಕಾ ಅಂತ. ಬರೀ ಬೈದು ಸುಮ್ಮನಾಗಲಿಲ್ಲ. ಸಸಿಗಳನ್ನು ಕಿತ್ತರು, ಮುರಿದು ಹಾಕಿದರು. ಸಾವಿರದಲ್ಲಿ ಬಹಳಷ್ಟು ಹಾಗೇ ಹೋದವು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಕೆಲಸ, ಮಾನ, ಹೆಸರು ಎಲ್ಲ ಕಳೆದುಕೊಂಡವರಿಗೆ ಉಳಿದದ್ದು ಆ ಕೋಟೆಯ ಗೌರವ ಒಂದೇ. ಅದರ ಅಂಗಳದಲ್ಲಿ ಯಾರೋ ಹೂವಿನ ಗಿಡ ನೆಟ್ಟು ಚಾಪೆ ಹಾಸುತ್ತಾರೆ ಅಂದರೆ ನೋವಾಗದೆ ಇರುತ್ತದೆಯೇ? ಆದರೆ ನೆಟ್ಟವರೂ ಅವರದೇ ಜನ, ಅದೇ ನೋವು ಉಂಡವರು. ಒಬ್ಬರಿಗೆ ಕೋಟೆ ಹಾಗೇ ಮುಚ್ಚಿರಬೇಕು, ಇನ್ನೊಬ್ಬರಿಗೆ ಅದು ಊರಿನದಾಗಬೇಕು. ನಾನು ನೆಟ್ಟವರ ಕಡೆ. ಉಚಿಯಾಮಾ ಬಿಡಲಿಲ್ಲ. ಕೋಟೆ 1895ರಲ್ಲಿ ಉದ್ಯಾನವಾಗಿ ಜನರಿಗೆ ತೆರೆದುಕೊಂಡಿತು. 1897ರಲ್ಲಿ ಅವರು ಮತ್ತೆ 100 ಸಸಿ ನೆಟ್ಟರು. ಆಗ ಅವರು ನಗರಸಭೆಯ ಸದಸ್ಯರು. ಮುಂದಿನ ಕೆಲವು ವರ್ಷಗಳಲ್ಲಿ, ಯುವರಾಜನ ಮದುವೆಯ ನೆನಪಿಗೆ ಅಂತ ಇನ್ನೂ 1,000 ಸಸಿ ಬಂದವು. 1918ರಲ್ಲಿ ಮೊದಲ ಹೂವಿನ ಹಬ್ಬ ನಡೆಯಿತು.

ಈಗ ಕಿಕುಚಿ ತತೇ ಅವರ ಬಗ್ಗೆ ಇನ್ನೊಂದು ಮಾತು. ನನ್ನ ಇಡೀ ಉಪನ್ಯಾಸ ನಿಂತಿರುವುದು ಇದರ ಮೇಲೆ. ಅವರನ್ನು ಆ ಸೀಮೆ ನೆನೆಯುವುದು ಮೊದಲಿಗೆ ಚೆರ್ರಿಗಾಗಿ ಅಲ್ಲ, ಸೇಬಿಗಾಗಿ. 1875ರಲ್ಲಿ ಸರ್ಕಾರ ಅವೊಮೊರಿಗೆ ಪಶ್ಚಿಮ ದೇಶದ ಸೇಬಿನ ಮೂರು ಸಸಿ ಕಳಿಸಿತು. ಕಿಕುಚಿ ಉತ್ತರದ ಹೊಕ್ಕೈಡೊ ದ್ವೀಪಕ್ಕೆ ಹೋಗಿ ಹಣ್ಣಿನ ಗಿಡಕ್ಕೆ ಕಸಿ ಕಟ್ಟುವುದನ್ನು ಕಲಿತು ಬಂದರು. ಊರಿನವರಿಗೆ ಕಲಿಸಿದರು. ಕೆಲಸ ಕಳೆದುಕೊಂಡಿದ್ದ ಸಮುರಾಯಿ ಮನೆಗಳು ಹಿತ್ತಲಲ್ಲಿ ಸೇಬು ಹಚ್ಚಿದವು. ಇವತ್ತು ಜಪಾನಿನ ಸೇಬಿನಲ್ಲಿ ಅರ್ಧಕ್ಕೂ ಹೆಚ್ಚು ಅವೊಮೊರಿಯದು. ಆ ಪ್ರಾಂತ್ಯದಲ್ಲೂ ಹಿರೊಸಾಕಿಯದೇ ದೊಡ್ಡ ಪಾಲು. ಇವಾಕಿ ಬೆಟ್ಟದ ತಪ್ಪಲಿನ ತುಂಬ ಸೇಬು ತೋಟಗಳು.

ಅಂದರೆ ಕೋಟೆಯ ಚೆರ್ರಿ, ಬಯಲಿನ ಸೇಬು ಎರಡೂ ಒಂದೇ ಕೈಗಳಿಂದ ಶುರುವಾದವು. ಆದರೆ ಈ ಎರಡು ಸೇರಿ ಒಂದು ವಿದ್ಯೆಯಾಗಲು ಇನ್ನೂ ಎಪ್ಪತ್ತು ಎಂಬತ್ತು ವರ್ಷ ಬೇಕಾಯಿತು.

ಅದನ್ನು ಹೇಳುವ ಮುಂಚೆ ಮರದ ಬಗ್ಗೆ ಸ್ವಲ್ಪ. ಕಿಕುಚಿ ನೆಟ್ಟ ತಳಿಯ ಹೆಸರು ಸೊಮೆಯ್ ಯೊಶಿನೊ. ಇವತ್ತು ಜಪಾನಿನಲ್ಲಿ ಬೀದಿ, ಶಾಲೆ, ಹೊಳೆದಂಡೆ ಎಲ್ಲಿ ನೋಡಿದರೂ ಇದೇ. ಎರಡು ಜಾತಿಯ ಚೆರ್ರಿ ಬೆರೆತು ಹುಟ್ಟಿದ್ದು. ಈಗಿನ ಟೋಕಿಯೊದೊಳಗೆ ಸೇರಿಹೋಗಿರುವ ಸೊಮೆಯ್ ಎಂಬ ಹಳ್ಳಿಯ ಸಸಿ ಮಾರುವವರು ಇದನ್ನು ಹಬ್ಬಿಸಿದರು. ಎಲೆ ಬರುವ ಮುಂಚೆಯೇ ಹೂವು ಬರುತ್ತದೆ. ಹಾಗಾಗಿ ಮರ ಪೂರ್ತಿ ಹೂವೇ ಹೂವು. ಬೇಗ ಬೆಳೆಯುತ್ತದೆ. ಆದರೆ ತನ್ನದೇ ತಳಿಯ ಪರಾಗದಿಂದ ಬೀಜ ಕಟ್ಟುವುದಿಲ್ಲ, ಕಸಿ ಕಟ್ಟಿಯೇ ಬೆಳೆಸಬೇಕು. ಒಂದು ಮರದ ಕಡ್ಡಿ ಇನ್ನೊಂದರ ಬೇರಿಗೆ, ಅದರ ಕಡ್ಡಿ ಮತ್ತೊಂದಕ್ಕೆ. ಹೀಗೆ ಇಡೀ ದೇಶದ ಲಕ್ಷಾಂತರ ಸೊಮೆಯ್ ಯೊಶಿನೊಗಳು ವಂಶದ ಲೆಕ್ಕದಲ್ಲಿ ಒಂದೇ ಮರ. ಒಂದು ಜಾಗದ ಮರಗಳೆಲ್ಲ ಮಾತಾಡಿಕೊಂಡ ಹಾಗೆ ಒಟ್ಟಿಗೆ ಅರಳುವುದು ಅದಕ್ಕೇ.

ಇದರಲ್ಲಿ ಅಪಾಯವೂ ಇದೆ. ಒಂದಕ್ಕೆ ಹತ್ತುವ ರೋಗ ಎಲ್ಲಕ್ಕೂ ಹತ್ತುತ್ತದೆ. ಒಂದು ಬಗೆಯ ಬೂಷ್ಟು ರೋಗ ಬಂದರೆ ರೆಂಬೆಯ ಒಂದು ಕಡೆ ಸಣ್ಣ ಕಡ್ಡಿಗಳು ಪೊರಕೆಯಂತೆ ಒತ್ತೊತ್ತಾಗಿ ಏಳುತ್ತವೆ. ಅಲ್ಲಿ ಬರೀ ಎಲೆ, ಹೂವಿಲ್ಲ. ಆ ಭಾಗವನ್ನು ಕತ್ತರಿಸಿ ಸುಡುವುದೇ ಔಷಧ. ಈ ರೋಗಕ್ಕೆ ಹೆದರಿ ಜಪಾನಿನ ಒಂದು ದೊಡ್ಡ ಹೂವಿನ ಸಂಸ್ಥೆ ಸೊಮೆಯ್ ಯೊಶಿನೊ ಸಸಿ ಮಾರುವುದನ್ನೇ ನಿಲ್ಲಿಸಿ, ರೋಗ ತಡೆಯುವ ಬೇರೆ ತಳಿ ಕೊಡುತ್ತಿದೆ. ಇನ್ನೊಂದು ಮಾತೂ ಜನರ ಬಾಯಲ್ಲಿದೆ. ಈ ತಳಿಯ ಆಯಸ್ಸು ಬರೀ 60 ವರ್ಷ ಅಂತ.

ಹಿರೊಸಾಕಿಯಲ್ಲಿ ಏನಾಗಿದೆ ನೋಡಿ. ಅಲ್ಲಿ 100 ವರ್ಷ ದಾಟಿದ ಸೊಮೆಯ್ ಯೊಶಿನೊಗಳೇ 300ಕ್ಕೂ ಜಾಸ್ತಿ ಇವೆ. 1882ರಲ್ಲಿ ನೆಟ್ಟದ್ದರಲ್ಲಿ ಉಳಿದ ಮರ ಇವತ್ತಿಗೂ ಹೂ ಬಿಡುತ್ತಿದೆ. ಇಡೀ ಜಪಾನಿನಲ್ಲಿ ಬದುಕಿರುವ ಅತಿ ಹಳೆಯ ಸೊಮೆಯ್ ಯೊಶಿನೊಗಳಲ್ಲಿ ಅದೂ ಒಂದು. ಇನ್ನೊಂದು ಮರದ ಕಾಂಡದ ಸುತ್ತಳತೆ ಐದು ಮೀಟರ್‌ಗಿಂತ ಹೆಚ್ಚು. 60 ವರ್ಷಕ್ಕೆ ಸಾಯಬೇಕಾದ ಮರ 140 ವರ್ಷ ಹೇಗೆ ಬದುಕಿತು? ಚಳಿಯ ಊರು ಎಂಬುದೂ ಒಂದು ಕಾರಣ ಇರಬಹುದು. ಆದರೆ ಅಲ್ಲಿನವರು ಕೊಡುವ ಉತ್ತರ ಕತ್ತರಿ.

ಜಪಾನಿನಲ್ಲಿ ಒಂದು ಹಳೆಯ ಗಾದೆ ಇದೆ. ಚೆರ್ರಿ ಕಡಿಯುವವನು ದಡ್ಡ, ಉಮೆ ಕಡಿಯದವನು ದಡ್ಡ ಅಂತ. ಉಮೆ ಅಂದರೆ ಉಪ್ಪಿನಕಾಯಿ ಹಾಕುತ್ತಾರಲ್ಲ, ಆ ಹುಳಿ ಹಣ್ಣಿನ ಮರ. ಗಾದೆ ಸುಮ್ನೆ ಹುಟ್ಟಿದ್ದಲ್ಲ. ಚೆರ್ರಿಯ ರೆಂಬೆ ಕೊಯ್ದರೆ ಗಾಯ ಬೇಗ ಮಾಯುವುದಿಲ್ಲ. ಅಲ್ಲಿಂದ ಕೊಳೆ ಒಳಗೆ ಇಳಿಯುತ್ತದೆ. ಕಾಂಡ ಟೊಳ್ಳಾಗುತ್ತದೆ. ಹಾಗಾಗಿ ತಲೆಮಾರುಗಳಿಂದ ತೋಟದ ಕೆಲಸದವರು ಚೆರ್ರಿಗೆ ಕತ್ತರಿ ತಾಗಿಸುತ್ತಿರಲಿಲ್ಲ.

ಹಿರೊಸಾಕಿಯ ಉದ್ಯಾನದವರು 1950ರ ದಶಕದ ಕೊನೆಯ ಹೊತ್ತಿಗೆ ಈ ಗಾದೆಯನ್ನು ಮೀರಿದರು. ಅವರ ಕಣ್ಣೆದುರಿಗೆ ಎರಡು ವಿಷಯ ಇದ್ದವು. ಉದ್ಯಾನದೊಳಗೆ ವಯಸ್ಸಾಗಿ ಸೊರಗುತ್ತಿದ್ದ ಚೆರ್ರಿಗಳು. ಉದ್ಯಾನದ ಹೊರಗೆ ಮುದಿಯಾದರೂ ಪ್ರತಿ ವರ್ಷ ಮೈತುಂಬ ಹೂ, ಕಾಯಿ ಬಿಡುವ ಸೇಬು. ಚೆರ್ರಿಯೂ ಸೇಬೂ ಗುಲಾಬಿಯ ಕುಟುಂಬಕ್ಕೇ ಸೇರಿದವು. ಸೇಬಿಗೆ ಆಗುವುದು ಇದಕ್ಕೆ ಯಾಕೆ ಆಗಬಾರದು? ಸೇಬಿನ ಮರ ಸವರುವ ಕ್ರಮವನ್ನೇ ಚೆರ್ರಿಗೆ ತಂದರು. ಮರಗಳು ಹೊಸ ಚಿಗುರು ಒಡೆದವು.

ಇದರ ಒಳಗುಟ್ಟು ಹೀಗೆ. ಹಳೆಯ, ದಪ್ಪ ರೆಂಬೆಯಲ್ಲಿ ಹೂವು ಕಡಿಮೆ. ಎಳೆಯ ರೆಂಬೆಯಲ್ಲಿ ಜಾಸ್ತಿ. ಮುದಿ ರೆಂಬೆಯನ್ನು ಸರಿಯಾದ ಜಾಗದಲ್ಲಿ ತೆಗೆದರೆ ಅದರ ಬುಡದಲ್ಲಿ ಮಲಗಿರುವ ಕಣ್ಣು ಚಿಗುರುತ್ತದೆ. ಮರದ ಒಳಗೆ ಬೆಳಕು ಇಳಿಯುತ್ತದೆ, ಗಾಳಿ ಆಡುತ್ತದೆ. ನಿಮ್ಮಲ್ಲಿ ಕಾಫಿ ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ವರ್ಷ ಸವರದೆ ಬಿಟ್ಟ ಗಿಡದಲ್ಲಿ ಫಸಲು ಏನಾಗುತ್ತದೆ ಅಂತ ನಿಮಗೆ ಗೊತ್ತು. ಕೊಯ್ದ ಗಾಯ ಕೊಳೆಯದ ಹಾಗೆ ಔಷಧದ ಲೇಪ ಹಚ್ಚುತ್ತಾರೆ. ಗಾದೆ ಹೇಳಿದ ಅಪಾಯ ನಿಜವೇ. ಅದಕ್ಕೆ ಉಪಾಯ ಇದು.

ಫಲ ಏನು? ಸೊಮೆಯ್ ಯೊಶಿನೊದ ಒಂದು ಮೊಗ್ಗಿನಿಂದ ಸಾಮಾನ್ಯವಾಗಿ ಮೂರೋ ನಾಲ್ಕೋ ಹೂವು ಬರುತ್ತವೆ. ಹಿರೊಸಾಕಿಯಲ್ಲಿ ನಾಲ್ಕು, ಐದು, ಕೆಲವು ಕಡೆ ಅದಕ್ಕೂ ಹೆಚ್ಚು. ಒಂದು ಹೂವಿನ ವ್ಯತ್ಯಾಸ ಅಷ್ಟೇ ಅನಿಸಬಹುದು. ಇಡೀ ಮರದ ಎಲ್ಲ ಮೊಗ್ಗುಗಳಿಗೆ ಅದನ್ನು ಹಂಚಿ ನೋಡಿ. ಹಿರೊಸಾಕಿಯ ಇನ್ನೊಂದು ಹೆಸರಾಂತ ನೋಟ ಇದೆ. ಹೂವು ಉದುರುವಾಗ ಹೊರ ಕಂದಕದ ನೀರು ಕಾಣದಷ್ಟು ದಳ ತೇಲುತ್ತದೆ. ಮೇಲೆ ಅಷ್ಟು ಹೂವಿದ್ದರೆ ತಾನೇ ಕೆಳಗೆ ಅಷ್ಟು ದಳ? ಇನ್ನೊಂದು ಲಾಭವೂ ಇದೆ. ಸವರುವುದರಿಂದ ರೆಂಬೆಗಳು ಕೆಳಗೇ ಬಾಗಿರುತ್ತವೆ. ಗಾಲಿಕುರ್ಚಿಯಲ್ಲಿ ಬಂದ ಅಜ್ಜಿಯ ಮುಖದ ಮಟ್ಟಕ್ಕೂ ಹೂವು ಸಿಗುತ್ತದೆ. ನನಗೆ ಇದು ದೊಡ್ಡ ಗುಣ ಅನಿಸುತ್ತದೆ.

ಮರ ನೋಡಿಕೊಳ್ಳುವವರ ವರ್ಷ ಶುರುವಾಗುವುದು ಹಿಮದಲ್ಲಿ. ಫೆಬ್ರವರಿ, ಮಾರ್ಚ್‌ನಲ್ಲಿ, ಮರ ಮಲಗಿರುವಾಗ, ಹಿಮದ ಮೇಲೆ ನಿಂತು ರೆಂಬೆ ಸವರುತ್ತಾರೆ. ಎಲೆ ಇಲ್ಲದ್ದರಿಂದ ಮರದ ಮೈಕಟ್ಟು ಪೂರ್ತಿ ಕಾಣುತ್ತದೆ. ಯಾವ ರೆಂಬೆ ಯಾವುದಕ್ಕೆ ನೆರಳು ಹಾಕುತ್ತಿದೆ, ಇದನ್ನು ತೆಗೆದರೆ ಐದು ವರ್ಷದ ನಂತರ ಆ ಜಾಗಕ್ಕೆ ಯಾವುದು ಬರುತ್ತದೆ, ಎಲ್ಲ ಲೆಕ್ಕ ಹಾಕಿ ಕೈ ಹಾಕಬೇಕು. ಕೊಯ್ದ ಕಡ್ಡಿಗಳನ್ನು ಊರಿನ ಜನರಿಗೆ ಹಂಚುತ್ತಾರೆ. ಮನೆಗೆ ಒಯ್ದು ನೀರಲ್ಲಿಟ್ಟರೆ ಬೆಚ್ಚಗೆ ಇರುವ ಕೋಣೆಯಲ್ಲಿ ಬೇಗನೆ ಅರಳುತ್ತವೆ. ಹೊರಗೆ ಇನ್ನೂ ಹಿಮ, ಒಳಗೆ ಹೂವು.

ಹಬ್ಬ ಮುಗಿದು ಜನ ಹೋದ ಮೇಲೆ ಬುಡಕ್ಕೆ ಗೊಬ್ಬರ. ಹೂ ಕೊಟ್ಟ ಮರಕ್ಕೆ ಕೃತಜ್ಞತೆಯ ಗೊಬ್ಬರ ಅಂತಲೇ ಜಪಾನಿನ ತೋಟದವರು ಅದನ್ನು ಕರೆಯುತ್ತಾರೆ. ಕೇಳಲು ಚೆಂದ, ಕಾರಣವೂ ಗಟ್ಟಿ. ಮುಂದಿನ ವರ್ಷದ ಹೂವಿನ ಮೊಗ್ಗು ಕಟ್ಟುವುದು ಈ ವರ್ಷದ ಬೇಸಿಗೆಯಲ್ಲೇ. ಎಲೆ ಚೆನ್ನಾಗಿ ದುಡಿಯದಿದ್ದರೆ ಮೊಗ್ಗು ಎಲ್ಲಿಂದ ಬರಬೇಕು? ಬೇಸಿಗೆಯಲ್ಲಿ ಹುಳು, ರೋಗ ನೋಡಬೇಕು. ಸಾವಿರಾರು ಜನ ತುಳಿದು ಗಟ್ಟಿಯಾದ ಮಣ್ಣನ್ನು ಸಡಿಲ ಮಾಡಬೇಕು. ಕೆಲವು ಕಡೆ ಹಳೆಯ ಮಣ್ಣು ತೆಗೆದು ಹೊಸದು ತುಂಬಬೇಕು.

ಮುದಿ ಮರಗಳಿಗೆ ಮಾಡುವ ಇನ್ನೊಂದು ಆರೈಕೆ ಕೇಳಿ. ಒಳಗೆ ಕೊಳೆತ ಕಾಂಡದಲ್ಲಿ ಕೆಲವು ಸಲ ಮರವೇ ಮೇಲಿನಿಂದ ಹೊಸ ಬೇರು ಬಿಡುತ್ತದೆ. ಅದನ್ನು ಕಾಪಾಡಿ, ತೇವ ಆರದ ಹಾಗೆ ನೋಡಿಕೊಂಡು ನೆಲಕ್ಕೆ ಇಳಿಸುತ್ತಾರೆ. ಬೇರು ಮಣ್ಣು ಹಿಡಿದರೆ ದಪ್ಪವಾಗಿ ಅದೇ ಹೊಸ ಕಾಂಡದ ಕೆಲಸ ಮಾಡುತ್ತದೆ. ಟೊಳ್ಳು ಮರ ತನ್ನೊಳಗಿನಿಂದಲೇ ಮತ್ತೆ ನಿಲ್ಲುತ್ತದೆ. ಇದಕ್ಕೆ ವರ್ಷಗಟ್ಟಲೆ ತಾಳ್ಮೆ ಬೇಕು. ನಗರದ ಕಡೆಯಿಂದ ಇದಕ್ಕಾಗಿಯೇ ಮರದ ವೈದ್ಯರು, ಚೆರ್ರಿ ಕಾಯುವವರ ತಂಡ ಇದೆ. ನಮ್ಮ ನಗರಗಳಲ್ಲಿ ಸಸಿ ನೆಡುವ ದಿನ ಫೋಟೊಗೆ ನಿಲ್ಲುವವರು ಬಹಳ. ಮರಕ್ಕೆ 40 ವರ್ಷ ಆದ ಮೇಲೆ ಅದರ ಮೈ ಮುಟ್ಟಿ ನೋಡುವ ಕೆಲಸವೇ ಯಾರದೂ ಅಲ್ಲ. ಈ ಮಾತನ್ನು ನಾನು ನೋವಿನಿಂದಲೇ ಹೇಳುತ್ತಿದ್ದೇನೆ.

2020ರ ವಸಂತದಲ್ಲಿ ಕೊರೊನಾದಿಂದ ಹಬ್ಬ ರದ್ದಾಯಿತು. ಉದ್ಯಾನದ ಬಾಗಿಲನ್ನೇ ಮುಚ್ಚಿದರು. ಅಷ್ಟು ಹೂವು ಅರಳಿತು, ನೋಡಲು ಜನ ಇರಲಿಲ್ಲ. ಮರಗಳ ಆರೈಕೆ ಮಾತ್ರ ನಿಲ್ಲಲಿಲ್ಲ. ನಿಲ್ಲಿಸಿದ್ದರೆ ಮುಂದಿನ ವರ್ಷದ ಹೂವಿಗೆ ಪೆಟ್ಟು.

ಉದ್ಯಾನದಲ್ಲಿ ಆರೈಕೆ ಬೇಕಾದದ್ದು ಮರಕ್ಕೆ ಮಾತ್ರ ಅಲ್ಲ. ಗೋಪುರದ ಕೆಳಗಿನ ಕಲ್ಲಿನ ಗೋಡೆ ಉಬ್ಬಿಕೊಂಡು, ಕುಸಿಯುವ ಭಯ ಬಂತು. ಗೋಡೆ ಬಿಚ್ಚಿ ಕಟ್ಟಬೇಕೆಂದರೆ ಮೇಲಿನ ಗೋಪುರ ಎಲ್ಲಿಗೆ ಹೋಗಬೇಕು? 2015ರಲ್ಲಿ ಸುಮಾರು 400 ಟನ್ ತೂಕದ ಆ ಗೋಪುರವನ್ನು ಬಿಚ್ಚದೆ, ಇಡಿಯಾಗಿ ಎತ್ತಿ, ಸುಮಾರು 70 ಮೀಟರ್ ದೂರಕ್ಕೆ ಸರಿಸಿದರು. ಅದರಲ್ಲಿ ಒಂದಷ್ಟು ದೂರಕ್ಕೆ ಊರಿನ ಜನರ ಕೈಗೂ ಹಗ್ಗ ಕೊಟ್ಟರು. ಮಕ್ಕಳು, ಮುದುಕರು ಸೇರಿ ತಮ್ಮ ಕೋಟೆಯನ್ನು ಎಳೆದರು. ನನ್ನ ವಿಷಯಕ್ಕೆ ಇದು ಸ್ವಲ್ಪ ಹೊರಗಿನದು, ಆದರೂ ಹೇಳದೆ ಇರಲಾಗಲಿಲ್ಲ.

ಕೊನೆಗೆ ಹವಾಮಾನ. ಬೇಸಿಗೆಯಲ್ಲಿ ಕಟ್ಟಿದ ಮೊಗ್ಗು ಚಳಿಗಾಲದಲ್ಲಿ ನಿದ್ದೆ ಹೋಗುತ್ತದೆ. ಸಾಕಷ್ಟು ಚಳಿ ತಿಂದ ಮೇಲೆಯೇ ಆ ನಿದ್ದೆ ಮುಗಿಯುವುದು. ಆಮೇಲೆ ಬಿಸಿಲು ಏರಿದಂತೆ ಅರಳುತ್ತದೆ. ಕ್ಯೋಟೊದಲ್ಲಿ ಹೂವಿನ ದಿನಗಳ ದಾಖಲೆ ಒಂಬತ್ತನೆಯ ಶತಮಾನದಿಂದ ಸಿಗುತ್ತದೆ. 2021ರಲ್ಲಿ ಅಲ್ಲಿ ಮಾರ್ಚ್ 26ಕ್ಕೇ ಹೂವು ತುಂಬಿ ಅರಳಿತು. ಅಲ್ಲಿಯವರೆಗಿನ 1,200 ವರ್ಷಗಳ ದಾಖಲೆಯಲ್ಲೇ ಅದು ಅತಿ ಬೇಗ. ಹಿರೊಸಾಕಿಯಲ್ಲೂ ಇದೇ ಕಥೆ. ಮೊದಲು ಏಪ್ರಿಲ್ ಕೊನೆ, ಮೇ ಮೊದಲ ವಾರದ ಸಾಲು ರಜೆಗೆ ಸರಿಯಾಗಿ ಹೂವು ಇರುತ್ತಿತ್ತು. 2023ರಲ್ಲಿ ಏಪ್ರಿಲ್ ಮಧ್ಯದಲ್ಲೇ ಅರಳಿಬಿಟ್ಟಿತು. ಹಬ್ಬದ ದಿನಾಂಕವನ್ನು ಮುಂದಕ್ಕೆ, ಹಿಂದಕ್ಕೆ ಮಾಡಬಹುದು. ಮೊಗ್ಗಿನ ನಿದ್ದೆಗೆ ಬೇಕಾದ ಚಳಿಯನ್ನು ಕತ್ತರಿಯಿಂದ ತರಲಾಗುವುದಿಲ್ಲ.

ಇನ್ನು ನೀವು ಕೇಳಿದ ಪ್ರಶ್ನೆಗಳು.

ಬೆಂಗಳೂರಿನ ರಸ್ತೆಗಳಲ್ಲಿ ಗುಲಾಬಿ ಬಣ್ಣದ ಹೂ ಬಿಡುವ ಮರಗಳೂ ಚೆರ್ರಿಯೇ ಅಂತ ಒಬ್ಬರು ಕೇಳಿದರು. ಅಲ್ಲ. ಅದು ಟಬೆಬುಯಾ. ಅಮೆರಿಕ ಖಂಡದ ಬೆಚ್ಚಗಿನ ಸೀಮೆಯಿಂದ ಬಂದ ಮರ. ಒಣ ಹವೆಯಲ್ಲಿ ಎಲೆ ಉದುರಿಸಿ ಹೂ ಬಿಡುತ್ತದೆ. ಅದನ್ನು ನಮ್ಮ ಚೆರ್ರಿ ಅಂತ ಕರೆಯುವುದು ನನಗೆ ಹಿಡಿಸುವುದಿಲ್ಲ. ಅದರ ಚೆಂದ ಅದಕ್ಕಿದೆ.

ಚಿಕ್ಕಮಗಳೂರಿನಲ್ಲಿ ಸೊಮೆಯ್ ಯೊಶಿನೊ ನೆಡಬಹುದಾ ಅಂತ ಇನ್ನೊಬ್ಬರು. ನೆಟ್ಟರೆ ಎಲೆ ಬಂದೀತು. ಆದರೆ ಅಲ್ಲಿನ ಚಳಿ ಮೊಗ್ಗಿನ ನಿದ್ದೆಗೆ ಸಾಲದು. ಜಪಾನಿನಲ್ಲೇ ದಕ್ಷಿಣದ ಬೆಚ್ಚಗಿನ ಊರುಗಳಲ್ಲಿ ಚಳಿ ಕಡಿಮೆಯಾದ ವರ್ಷ ಹೂವು ಒಟ್ಟಿಗೆ ಅರಳದೆ ಚದುರಿ ಅರಳುತ್ತದೆ. ಭಾರತದಲ್ಲಿ ಚೆರ್ರಿ ಹೂ ನೋಡಬೇಕೆಂದರೆ ಶಿಲ್ಲಾಂಗ್‌ಗೆ ಹೋಗಿ. ಅಲ್ಲಿಯದು ಹಿಮಾಲಯದ ಕಾಡು ಚೆರ್ರಿ, ಅರಳುವುದು ನವೆಂಬರಿನಲ್ಲಿ.

ಹಿರೊಸಾಕಿಗೆ ಯಾವಾಗ ಹೋಗಬೇಕು ಅಂತ ಮೂರು ನಾಲ್ಕು ಜನ ಕೇಳಿದಿರಿ. ಟೋಕಿಯೊದಿಂದ ಶಿನ್‌ಕಾನ್‌ಸೆನ್ ರೈಲಿನಲ್ಲಿ ಶಿನ್ ಅವೊಮೊರಿಗೆ ಮೂರು ಗಂಟೆಯ ಮೇಲೆ ಸ್ವಲ್ಪ, ಅಲ್ಲಿಂದ ಊರಿನ ರೈಲು. ಏಪ್ರಿಲ್ 20ರ ಆಸುಪಾಸು ಅಂತ ಇಟ್ಟುಕೊಳ್ಳಿ. ಆದರೆ ಹಳೆಯ ಲೆಕ್ಕ ನಂಬಿ ಟಿಕೆಟ್ ಮಾಡಬೇಡಿ. ಮಾರ್ಚ್‌ನಿಂದಲೇ ಹೂವಿನ ಮುನ್ಸೂಚನೆ ನೋಡುತ್ತಿರಿ. ಒಂದು ವೇಳೆ ನೀವು ತಲುಪುವಷ್ಟರಲ್ಲಿ ಸೊಮೆಯ್ ಯೊಶಿನೊ ಮುಗಿದಿದ್ದರೆ ಉದ್ಯಾನದಲ್ಲೇ ತಡವಾಗಿ ಅರಳುವ ಜೋಡಿ ದಳದ ಚೆರ್ರಿಗಳಿರುತ್ತವೆ. ಅದೂ ತಪ್ಪಿದರೆ ಬಸ್ ಹತ್ತಿ ಇವಾಕಿ ಬೆಟ್ಟದ ಕಡೆ ಹೋಗಿ. ಮೇ ಮೊದಲ ಅರ್ಧದಲ್ಲಿ ಅಲ್ಲಿನ ತೋಟಗಳಲ್ಲಿ ಸೇಬು ಹೂ ಬಿಟ್ಟಿರುತ್ತದೆ.